ಫ್ರಿಂಜ್ ನಾಟಕೋತ್ಸವಕ್ಕೆ ಆಡೋಕೆ ಹೋಗಬೇಕಾ, ನೋಡೋಕೆ ಹೋಗಬೇಕಾ?

ಕೊಪ್ಪಳದಿಂದ ತಂಡ ಕಟ್ಟಿಕೊಂಡು ಬೆಂಗಳೂರಿನ ಫ್ರಿಂಜ್‌ಗೆ, ಅಂದರೆ ಸಣ್ಣ ಸಣ್ಣ ತಂಡಗಳು ಒಂದರ ಹಿಂದೆ ಒಂದು ಪುಟ್ಟ ನಾಟಕ ಆಡೋ ಉತ್ಸವಕ್ಕೆ, ಹೋಗಿ ಆಡೋದಾ, ಈ ವರ್ಷ ಸುಮ್ನೆ ನೋಡಿ ಬರೋದಾ ಅಂತ ಕೇಳಿದ್ದೀರಿ. ಆರು ವರ್ಷದ ಹಿಂದೆ ಬಳ್ಳಾರಿಯಲ್ಲಿ ನಾವೂ ಇದೇ ಮಾತಾಡಿಕೊಂಡು ಕೂತಿದ್ದೆವು. ಆಡೋಣ ಅಂತಲೇ ಹೊರಟೆವು.

ಗದಾಯುದ್ಧದ ಪ್ರಸಂಗವನ್ನು ದೊಡ್ಡಾಟದ ಧಾಟಿಯಲ್ಲೇ 48 ನಿಮಿಷಕ್ಕೆ ಇಳಿಸಿದ್ದೆವು. ಊರಲ್ಲಿ ಬೆಳಗಾಗೋವರೆಗೆ ನಡೆಯೋ ಆಟ ಅದು. ನಮಗೆ ಕೊಟ್ಟಿದ್ದು 60 ನಿಮಿಷ. 12 ನಿಮಿಷ ಉಳಿಯುತ್ತೆ ಅಂದುಕೊಂಡೆವು. ತಪ್ಪಿದ್ದು ಇಲ್ಲೇ. ಸಾಮಾನು ಒಳಗೆ ತಂದು ಕಟ್ಟೋದು, ಆಡೋದು, ಬಿಚ್ಚೋದು, ಗುಡಿಸಿ ಖಾಲಿ ಮಾಡೋದು, ಎಲ್ಲ ಸೇರಿ 60. ಒಂದೇ ಕೋಣೆಯಲ್ಲಿ ಒಂದರ ಹಿಂದೆ ಒಂದು ನಾಟಕ, ಮುಂದಿನ ತಂಡ ಬಾಗಿಲಲ್ಲೇ ನಿಂತಿರುತ್ತೆ. ನಮ್ಮ ಬಳ್ಳಾರಿಯ ರಾಘವ ಕಲಾಮಂದಿರದಲ್ಲಿ ಆಡುವಾಗ ಸಂಜೆ ಪೂರ್ತಿ ನಮ್ಮದೇ, ಆ ಅಭ್ಯಾಸದಲ್ಲೇ ಇದ್ದೆವು. ಕಟ್ಟೋಕೆ 15, ಬಿಚ್ಚೋಕೆ 10, ಆಟ 48. ಒಟ್ಟು 73! ಒಂದು ಸಲ ಕೂಡಿಸಿ ನೋಡಿದ್ದರೆ ಸಾಕಿತ್ತು. ಉತ್ಸವದವರು ಕಳಿಸಿದ ಪತ್ರದಲ್ಲೂ ಇತ್ತು, ನಾನೇ ಸರಿಯಾಗಿ ಓದಿರಲಿಲ್ಲ.

ಒಂದು ನೀಲಿ ಬಟ್ಟೆಯೇ ನಮ್ಮ ವೈಶಂಪಾಯನ ಸರೋವರ. ದುರ್ಯೋಧನ ಅದರಡಿ ಮಲಗಿದ್ದಾನೆ, ಭೀಮ ಇನ್ನೂ ದಡಕ್ಕೆ ಬಂದಿಲ್ಲ. ಅಷ್ಟರಲ್ಲಿ ಪ್ರೇಕ್ಷಕರ ಕಡೆ ಲೈಟ್ ಹತ್ತಿತು. ಜನ ಎದ್ದರು. ಬಟ್ಟೆಯಡಿ ಇದ್ದ ಹುಡುಗನಿಗೆ ಇದೊಂದೂ ಗೊತ್ತಿಲ್ಲ. ಭೀಮನ ಕೂಗಿಗೆ ಕಾಯ್ತಾ ಅಲ್ಲಾಡದೆ ಮಲಗೇ ಇದ್ದ. ನಾನೇ ಹೋಗಿ ಬಟ್ಟೆ ಸರಿಸಿದೆ. ಮುಖದ ಬಣ್ಣವೆಲ್ಲ ಬೆವರಿಗೆ ಇಳಿದಿತ್ತು. "ಅಣ್ಣಾ, ನಾ ಏನರ ತಪ್ಪಿದೆನಾ?" ಅಂದ. ಆ ಮಾತು ಇವತ್ತಿಗೂ ಮರೆತಿಲ್ಲ.

ಆವತ್ತು ಬೆಳಿಗ್ಗೆಯಷ್ಟೇ ಹಂಪಿ ಎಕ್ಸ್‌ಪ್ರೆಸ್ ಇಳಿದಿದ್ದೆವು. ಹಿಂದಿನ ದಿನ ಅದೇ ಕೋಣೆಯಲ್ಲಿ ಒಂದೇ ಒಂದು ನಾಟಕ ನೋಡಿದ್ದರೂ ಎಲ್ಲ ತಿಳೀತಿತ್ತು. ಮರುದಿನ ನಾನೊಬ್ಬನೇ ಉಳಿದು ನೋಡಿದೆ. ಒಬ್ಬ ಹೆಣ್ಣುಮಗಳು ಒಂದು ಸ್ಟೂಲು, ಒಂದು ಕೊಡ ಹಿಡಿದು ಬಂದರು. ಎರಡೇ ನಿಮಿಷಕ್ಕೆ ಆಟ ಶುರು.

ಅದಕ್ಕೇ ಹೇಳೋದು, ಆಡೋದಾ ನೋಡೋದಾ ಅನ್ನೋ ಪ್ರಶ್ನೆಯೇ ಸರಿಯಿಲ್ಲ, ಎರಡೂ ಬೇಕು. 1947ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ಉತ್ಸವಕ್ಕೆ ಕರೆಯದೇ ಬಂದು ಆಡಿದ 8 ತಂಡಗಳಿಂದಲೇ ಫ್ರಿಂಜ್ ಹುಟ್ಟಿದ್ದು. ಇಂಥ ಕಡೆ ನಮ್ಮ ಆಟ ನೋಡೋ ಜನರನ್ನು ನಾವೇ ಸೇರಿಸಿಕೊಳ್ಳಬೇಕು. ಬೇರೆಯವರ ಆಟಕ್ಕೆ ನೀವು ಹೋಗಿ ಕೂತರೆ, ಆಮೇಲೆ ಚಹಾ ಕುಡೀತಾ ನಾಲ್ಕು ಮಾತಾಡಿದರೆ, ಅವರೂ ನಿಮ್ಮದಕ್ಕೆ ಬರ್ತಾರೆ.

ಈ ವರ್ಷವೇ ಆಡಿ. ಸಾಮಾನು ರೈಲಿನ ಸೀಟಿನಡಿ ಹಿಡಿಸೋವಷ್ಟೇ ಇರಲಿ. ಕಟ್ಟೋದರಿಂದ ಗುಡಿಸೋವರೆಗೂ ಗಡಿಯಾರ ಇಟ್ಟುಕೊಂಡೇ ತಾಲೀಮು ಮಾಡಿ. ರೈಲಿನ ಟಿಕೆಟ್ ಮಾತ್ರ ನಿಮ್ಮ ಆಟಕ್ಕಿಂತ ಎರಡು ದಿನ ಮುಂಚಿನದ್ದೇ ತೆಗೆಸಿ.