ಕೇಬಲ್ ಬಿಟ್ಟು ಸ್ಪೀಕರ್‌ಗೆ ಬನ್ನಿ

ನಮಸ್ಕಾರ,

ಹೈ-ಎಂಡ್ ಆಡಿಯೊದಲ್ಲಿ ಸಿಗ್ನಲ್ ಒಂದಿಷ್ಟೂ ಸೋರದಂತೆ ನೋಡಿಕೊಳ್ಳುವುದು ಹೇಗೆ ಎಂಬ ನಿಮ್ಮ ಲೇಖನ ಓದಿದೆ. ವಿಷಯ ಹಿಡಿಸಿತು. ಆದರೆ ಈಗಿರುವಂತೆ ಪ್ರಕಟಿಸಲು ಆಗುವುದಿಲ್ಲ.

ಮುಕ್ಕಾಲು ಪಾಲು ಬರಹ ಸ್ಪೀಕರ್ ಕೇಬಲ್‌ಗೇ ಹೋಗಿದೆ. ಲೆಕ್ಕ ಹಾಕಿ ನೋಡಿದಿರಾ? 2.5 ಚದರ ಮಿಲಿಮೀಟರ್‌ನ ಮಾಮೂಲಿ ತಾಮ್ರದ ತಂತಿ, 3 ಮೀಟರ್ ಉದ್ದ ಅಂದುಕೊಳ್ಳಿ. ಹೋಗಿ ಬರುವ ಎರಡೂ ಎಳೆ ಸೇರಿ ಸುಮಾರು 0.04 ಓಮ್. 8 ಓಮ್ ಸ್ಪೀಕರ್‌ಗೆ ಹೋಗುವ ಶಕ್ತಿಯಲ್ಲಿ ಕೇಬಲ್ ತಿನ್ನುವುದು ನೂರಕ್ಕೆ ಅರ್ಧ ಪಾಲು ಅಷ್ಟೇ. ಸ್ಪೀಕರ್ ಕಥೆ ಉಲ್ಟಾ. 1 ವ್ಯಾಟ್‌ಗೆ, 1 ಮೀಟರ್ ದೂರದಲ್ಲಿ 88 ಡೆಸಿಬಲ್ ಕೊಡುವ ಸ್ಪೀಕರ್ ಶಬ್ದವಾಗಿ ಹೊರಬಿಡುವುದೇ ನೂರಕ್ಕೆ ಅರ್ಧಕ್ಕಿಂತ ಕಡಿಮೆ. ಉಳಿದದ್ದು ಬಹುಪಾಲು ವಾಯ್ಸ್ ಕಾಯಿಲ್‌ನಲ್ಲಿ (ಸ್ಪೀಕರ್ ಒಳಗಿನ ತಂತಿ ಸುರುಳಿಯಲ್ಲಿ) ಬಿಸಿಯಾಗಿ ಹೋಗುತ್ತದೆ. ಇದಕ್ಕೆ ನೀವು ಕೊಟ್ಟಿರುವುದು ಒಂದೇ ಸಾಲು! ಹೆಬ್ಬಾಗಿಲು ತೆರೆದಿಟ್ಟು ಕಿಟಕಿಗೆ ಚಿಲಕ ಹಾಕಿದ ಹಾಗಾಯಿತು, ಅಲ್ವಾ?

'ಆಂಪ್ (ಆಂಪ್ಲಿಫೈಯರ್) ಮತ್ತು ಸ್ಪೀಕರ್‌ನ ಇಂಪೀಡೆನ್ಸ್ (ಕರೆಂಟಿಗೆ ಒಡ್ಡುವ ಅಡ್ಡಿ) ಸಮ ಇದ್ದರೆ ಪೂರ್ತಿ ಸಿಗ್ನಲ್ ದಾಟುತ್ತದೆ' ಎಂದಿದ್ದೀರಿ. ಇದು ತಪ್ಪು. ಆಂಪ್‌ನ ಒಳಗೂ 8 ಓಮ್ ರೆಸಿಸ್ಟೆನ್ಸ್ ಇದ್ದರೆ ಅರ್ಧ ಶಕ್ತಿ ಅಲ್ಲೇ ಉರಿದುಹೋಗುತ್ತದೆ. ಆಂಪ್‌ನ ಹಿಂಬದಿಯಲ್ಲಿ '8 ಓಮ್' ಎಂದು ಬರೆದಿರುವುದು ಎಂಥ ಸ್ಪೀಕರ್ ಜೋಡಿಸಬಹುದು ಎಂದು ತಿಳಿಸಲು. ಅದರ ಸ್ವಂತ ಔಟ್‌ಪುಟ್ ಇಂಪೀಡೆನ್ಸ್ ಟ್ರಾನ್ಸಿಸ್ಟರ್ ಆಂಪ್‌ಗಳಲ್ಲಿ ಎಷ್ಟೋ ಸಲ 0.1 ಓಮ್‌ಗಿಂತ ಕಡಿಮೆ.

ಕೊನೆಯ ಪುಟದಲ್ಲಿ ಸ್ಪೀಕರ್ ತಯಾರಕ ಪೌಲ್ ಕ್ಲಿಪ್ಶ್ ಹೆಸರು ಸುಮ್ನೆ ಬಂದು ಹೋಗುತ್ತದೆ. ನನಗೆ ಬೇಕಾದ ಲೇಖನ ಅಲ್ಲಿದೆ. 1940ರ ದಶಕದಲ್ಲಿ ಅಮೆರಿಕದ ಅರ್ಕನ್ಸಾ ರಾಜ್ಯದ ಹೋಪ್ ಎಂಬ ಊರಿನಲ್ಲಿ ಅವರು ಕ್ಲಿಪ್ಶ್‌ಹಾರ್ನ್ ಎಂಬ ಸ್ಪೀಕರ್ ತಯಾರಿಸಿದರು. ಹಾರ್ನ್ ಅಂದರೆ ಕಹಳೆಯಂತೆ ಅಗಲವಾಗುತ್ತಾ ಹೋಗಿ ಶಬ್ದ ಜೋರು ಮಾಡುವ ಕೊಳವೆ. ಅದನ್ನು ಕೋಣೆಯ ಮೂಲೆಗೆ ಇಟ್ಟರೆ ಗೋಡೆಗಳೇ ಹಾರ್ನ್‌ನ ಮುಂದುವರಿದ ಭಾಗ. ಸೆನ್ಸಿಟಿವಿಟಿ, ಅಂದರೆ 1 ವ್ಯಾಟ್‌ಗೆ 1 ಮೀಟರ್ ದೂರದಲ್ಲಿ ಕೊಡುವ ಶಬ್ದ, ಸುಮಾರು 104 ಡೆಸಿಬಲ್. ನೀವು ಹೊಗಳಿದ 88ರ ಸ್ಪೀಕರ್‌ಗೆ 100 ವ್ಯಾಟ್ ಬೇಕಾದ ಕಡೆ ಇದಕ್ಕೆ ಎರಡೂವರೆ ವ್ಯಾಟ್ ಸಾಕು. 300ಬಿ ಎಂಬ ಒಂದೇ ವಾಲ್ವ್ (ಗಾಜಿನ ಟ್ಯೂಬ್) ಇರುವ ಆಂಪ್‌ನ ಏಳೆಂಟು ವ್ಯಾಟ್ ಇಟ್ಟುಕೊಂಡು ಜನ ಇವತ್ತಿಗೂ ಆರಾಮಾಗಿ ಹಾಡು ಕೇಳುವುದು ಇಂಥ ಹಾರ್ನ್‌ಗಳ ದಯೆಯಿಂದಲೇ. ನಮ್ಮ ಜಾತ್ರೆಯ ಮೈಕ್ ಪಕ್ಕದ ಊರಿಗೂ ಕೇಳಿಸುವುದು ಇದೇ ಉಪಾಯದಿಂದ. (ಇಂಪಿನ ಮಾತು ಬೇರೆ.)

ಇದರ ಕಷ್ಟವನ್ನೂ ಬರೆಯಿರಿ. ಬೇಸ್ ಆಳಕ್ಕೆ ಇಳಿಯಬೇಕಾದರೆ ಹಾರ್ನ್ ತುಂಬಾ ದೊಡ್ಡದಾಗಬೇಕು. ಖಾಲಿ ಮೂಲೆ ಇಲ್ಲದ ಫ್ಲ್ಯಾಟಿನವರು ಏನು ಮಾಡಬೇಕು? 'ದೈವಿಕ ನಾದ' ಮೂರು ಕಡೆ ಇದೆ, ಮೂರನ್ನೂ ತೆಗೆದು ಆ ಜಾಗದಲ್ಲಿ ಇದಕ್ಕೆ ಉತ್ತರ ಹಾಕಿ ಕಳಿಸಿ.