ಒಂದು ವರ್ಣತಂತು ಹೆಚ್ಚಾದದ್ದು ಹೇಗೆ?

ಪ್ರಶ್ನೆ: ನನ್ನ ತಂಗಿಗೆ 38ನೇ ವಯಸ್ಸಿನಲ್ಲಿ ಹೆಣ್ಣುಮಗು ಹುಟ್ಟಿದೆ. ಮಗುವಿಗೆ ಡೌನ್ ಸಿಂಡ್ರೋಮ್ ಇದೆಯೆಂದು ಮೈಸೂರಿನ ವೈದ್ಯರು ಹೇಳಿದ್ದಾರೆ. ವರದಿಯಲ್ಲಿ 46ರ ಬದಲು 47 ವರ್ಣತಂತುಗಳಿವೆ. ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದದ್ದೇ ಕಾರಣವೆಂದು ಅತ್ತೆಮನೆಯವರು ತಂಗಿಯನ್ನು ದೂರುತ್ತಿದ್ದಾರೆ. ಈ ಹೆಚ್ಚಿನ ವರ್ಣತಂತು ಎಲ್ಲಿಂದ ಬಂತು? ನಂಜನಗೂಡು ರಸಬಾಳೆಯಲ್ಲಿ ವರ್ಣತಂತುಗಳ ಇಡೀ ಗುಂಪೇ ಒಂದು ಹೆಚ್ಚಿದೆ ಎಂದು ಓದಿದ್ದೇನೆ. ಬಾಳೆಗೆ ಆಗದ ತೊಂದರೆ ಮನುಷ್ಯರಿಗೆ ಏಕೆ?
— ಓದುಗರೊಬ್ಬರು, ಮದ್ದೂರು

ಉತ್ತರ: ಮೊದಲು ನಿಮ್ಮ ತಂಗಿಯ ಮೇಲಿನ ದೂರಿನ ವಿಷಯ. ಡೌನ್ ಸಿಂಡ್ರೋಮ್ ಇರುವ ಬಹುಪಾಲು ಮಕ್ಕಳಲ್ಲಿ ವರ್ಣತಂತುಗಳ ಲೆಕ್ಕ ತಪ್ಪಿರುವುದು ಗರ್ಭ ನಿಲ್ಲುವುದಕ್ಕೂ ಮೊದಲೇ, ಅಂಡಾಣು ಅಥವಾ ವೀರ್ಯಾಣು ರೂಪುಗೊಳ್ಳುವಾಗ. ಆಮೇಲೆ ಬಂದ ಗ್ರಹಣಕ್ಕಾಗಲಿ, ಬಸುರಿ ತಿಂದ ಹಣ್ಣಿಗಾಗಲಿ, ಮಾಡಿದ ಪ್ರಯಾಣಕ್ಕಾಗಲಿ ಆ ಲೆಕ್ಕವನ್ನು ಬದಲಿಸುವ ಶಕ್ತಿ ಇಲ್ಲ. ಈ ಮಾತನ್ನು ದಯವಿಟ್ಟು ಅವರ ಅತ್ತೆಮನೆಯಲ್ಲಿ ಕೂತು ಓದಿ ಹೇಳಿ.

ನಮ್ಮ ಜೀವಕೋಶಗಳಲ್ಲಿ ವಂಶವಾಹಿಗಳನ್ನು (ಜೀನ್) ಹೊತ್ತ ವರ್ಣತಂತುಗಳು (ಕ್ರೋಮೋಸೋಮ್) 23 ಜೋಡಿಗಳಾಗಿರುತ್ತವೆ; ಪ್ರತಿ ಜೋಡಿಯಲ್ಲೂ ಒಂದು ತಾಯಿಯದು, ಒಂದು ತಂದೆಯದು. ಅಂಡಾಣು ಮತ್ತು ವೀರ್ಯಾಣುಗಳಿಗೆ ಜೋಡಿಯಲ್ಲಿ ಒಂದೊಂದೇ ಸೇರಬೇಕಾದ್ದರಿಂದ, ಅವು ಮಿಯಾಸಿಸ್ ಎಂಬ ವಿಶೇಷ ವಿಭಜನೆಯಿಂದ ಹುಟ್ಟುತ್ತವೆ. ಅದರಲ್ಲಿ ಜೋಡಿಗಳು ಮೊದಲು ಒಂದಕ್ಕೊಂದು ಅಂಟಿ ನಿಲ್ಲುತ್ತವೆ. ಅನಂತರ ಕೋಶದೊಳಗಿನ ಸಣ್ಣ ಎಳೆಗಳು ಎರಡನ್ನೂ ಎರಡು ಕಡೆಗೆ ಸೆಳೆದುಕೊಳ್ಳುತ್ತವೆ. ಒಮ್ಮೊಮ್ಮೆ ಒಂದು ಜೋಡಿ ಬೇರ್ಪಡದೆ ಎರಡೂ ಒಂದೇ ಕಡೆಗೆ ಹೋಗಿಬಿಡುತ್ತವೆ. 21ನೇ ಜೋಡಿ ಹೀಗೆ ಬೇರ್ಪಡದೆ ಉಳಿದ ಅಂಡಾಣುವಿನಲ್ಲಿ 24 ವರ್ಣತಂತುಗಳಾಗುತ್ತವೆ, ವೀರ್ಯಾಣುವಿನ 23 ಸೇರಿ ಮಗುವಿನಲ್ಲಿ 47 ಆಗುತ್ತವೆ. 1959ರಲ್ಲಿ ಪ್ಯಾರಿಸ್‌ನ ಲೆಜೆನ್, ಗೋಟಿಯೆ ಮತ್ತು ಟರ್ಪ್ಯಾಂ ಡೌನ್ ಸಿಂಡ್ರೋಮ್ ಇರುವ ಮಕ್ಕಳ ಕೋಶಗಳಲ್ಲಿ ಈ 47ನ್ನು ಕಂಡು ಪ್ರಕಟಿಸಿದರು.

ಹೀಗಾಗುವುದು ಅಂಡಾಣುವಿನಲ್ಲೇ ಹೆಚ್ಚು. ಅದಕ್ಕೆ ಕಾರಣ ಅಂಡಾಣುವಿನ ದೀರ್ಘವಾದ ಕಾಯುವಿಕೆ. ನಿಮ್ಮ ತಂಗಿ ಇನ್ನೂ ನಿಮ್ಮ ತಾಯಿಯ ಗರ್ಭದಲ್ಲಿದ್ದಾಗಲೇ ಆಕೆಯ ಅಂಡಾಣುಗಳೆಲ್ಲ ಮಿಯಾಸಿಸ್ ಆರಂಭಿಸಿ, ಜೋಡಿಗಳು ಅಂಟಿಕೊಂಡ ಹಂತದಲ್ಲಿ ನಿಂತುಬಿಟ್ಟಿದ್ದವು. ಈ ಮಗುವಿಗೆ ಮೂಲವಾದ ಅಂಡಾಣು ಹಾಗೆಯೇ ಮೂವತ್ತೇಳು, ಮೂವತ್ತೆಂಟು ವರ್ಷ ಕಾದು, ಅಂಡಾಶಯದಿಂದ ಹೊರಬೀಳುವ ಹೊತ್ತಿಗೆ ವಿಭಜನೆಯನ್ನು ಮುಂದುವರಿಸಿತು. ವರ್ಣತಂತುಗಳನ್ನು ಹಿಡಿದಿಡುವ ಕೊಹೆಸಿನ್ ಎಂಬ ಪ್ರೋಟೀನು ಅಷ್ಟು ವರ್ಷಗಳಲ್ಲಿ ಸಡಿಲವಾಗುತ್ತದೆ. ಅದಕ್ಕೇ ತಾಯಿಗೆ 25 ವರ್ಷವಿದ್ದಾಗ ಸುಮಾರು 1,250 ಹೆರಿಗೆಗಳಿಗೆ ಒಂದರಂತಿರುವ ಈ ಸಾಧ್ಯತೆ, 40ರಲ್ಲಿ ಸುಮಾರು 100ಕ್ಕೆ ಒಂದಾಗುತ್ತದೆ. ಹಾಗೆಂದು ವಯಸ್ಸನ್ನು ಇನ್ನೊಂದು ತಪ್ಪಾಗಿ ಯಾರೂ ಎಣಿಸಬಾರದು. ಇಪ್ಪತ್ತರ ಹರೆಯದ ತಾಯಂದಿರಿಗೂ ಇಂಥ ಮಕ್ಕಳು ಹುಟ್ಟುತ್ತಾರೆ.

ಇನ್ನು ರಸಬಾಳೆ. ಹಣ್ಣನ್ನು ಅಡ್ಡಲಾಗಿ ಕತ್ತರಿಸಿ ಬೆಳಕಿಗೆ ಹಿಡಿದರೆ ನಡುವೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು ಕಾಣುತ್ತವೆ. ಅವು ಬೀಜವಾಗದೆ ಉಳಿದ ಅಂಡಕಗಳು. ಈ ಬಾಳೆಯಲ್ಲಿ 11ರ ಮೂರು ಗುಂಪುಗಳು, ಒಟ್ಟು 33 ವರ್ಣತಂತುಗಳಿವೆ: ಎರಡು ಗುಂಪು ಮೂಸಾ ಅಕ್ಯುಮಿನೇಟಾ ಎಂಬ ಕಾಡುಬಾಳೆಯ ಕಡೆಯಿಂದ, ಒಂದು ಮೂಸಾ ಬಾಲ್ಬಿಸಿಯಾನಾದ ಕಡೆಯಿಂದ ಬಂದಿವೆ. ಸಂಖ್ಯೆ ಅರ್ಧಕ್ಕಿಳಿಯದ ಅಂಡಾಣು ಅಥವಾ ಪರಾಗ ಸೇರಿದಾಗ ಇಂಥ ಸಸಿಗಳು ಹುಟ್ಟುತ್ತವೆ. ಮೂರನ್ನು ಎರಡು ಪಾಲು ಮಾಡಲಾಗದ್ದರಿಂದ ಮಿಯಾಸಿಸ್ ಕೆಡುತ್ತದೆ, ಬೀಜ ಕಟ್ಟುವುದಿಲ್ಲ. ರೈತರು ಕಂದು ಕಿತ್ತು ನೆಡುವುದರಿಂದ ಬೀಜ ಬೇಕಾಗಿಯೂ ಇಲ್ಲ. ಕಂದಿನ ಬೆಳವಣಿಗೆ ಸಾಮಾನ್ಯ ಕೋಶವಿಭಜನೆಯಿಂದ ನಡೆಯುವುದರಿಂದ 33 ಹಾಗೆಯೇ ಮುಂದುವರಿಯುತ್ತದೆ. ನಿಮ್ಮ ಸುತ್ತಿನ ಗದ್ದೆಗಳ ಕಬ್ಬಂತೂ 100ಕ್ಕೂ ಹೆಚ್ಚು ವರ್ಣತಂತುಗಳನ್ನು ಹೊತ್ತು, ತುಂಡು ನೆಟ್ಟರೆ ಬೆಳೆಯುತ್ತದೆ.

ಬಾಳೆಗೆ ತೊಂದರೆಯಾಗದಿರುವುದಕ್ಕೆ ಮುಖ್ಯ ಕಾರಣ ಪ್ರಮಾಣ. ಹತ್ತು ಜನರ ಹುಳಿಯನ್ನು ಹದಿನೈದು ಜನರಿಗೆ ಮಾಡುವಾಗ ಬೇಳೆ, ಹುಣಸೆ, ಉಪ್ಪು, ಖಾರ ಎಲ್ಲವನ್ನೂ ಒಂದೂವರೆ ಪಟ್ಟು ಹಾಕಿದರೆ ರುಚಿ ಕೆಡುವುದಿಲ್ಲ. ಉಪ್ಪೊಂದನ್ನೇ ಹೆಚ್ಚಿಸಿದರೆ ಕೆಡುತ್ತದೆ. ಬಾಳೆಯಲ್ಲಿ ಎಲ್ಲ ವಂಶವಾಹಿಗಳೂ ಒಟ್ಟಿಗೆ ಹೆಚ್ಚಾಗಿವೆ, ಮಗುವಿನಲ್ಲಿ 21ನೆಯ ವರ್ಣತಂತುವಿನವು ಮಾತ್ರ. ಆದರೆ ಪ್ರಾಣಿಗಳು ಗಿಡಗಳಷ್ಟು ತಾಳುವುದಿಲ್ಲವೆಂಬುದೂ ನಿಜ: ಮನುಷ್ಯರಲ್ಲಿ ಇಡೀ ಗುಂಪು ಹೆಚ್ಚಿ 69 ಆದರೆ ಆ ಗರ್ಭ ಬಹುಮಟ್ಟಿಗೆ ಉಳಿಯುವುದೇ ಇಲ್ಲ. ಮೊದಲ ಮೂರು ತಿಂಗಳಲ್ಲಿ ಆಗುವ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ವರ್ಣತಂತುಗಳ ಏರುಪೇರೇ ಕಾರಣ. 21 ಅತಿ ಚಿಕ್ಕ ವರ್ಣತಂತು, ಅದರಲ್ಲಿ ವಂಶವಾಹಿಗಳೂ ಕಡಿಮೆ. ಆದ್ದರಿಂದಲೇ ಈ ಮಕ್ಕಳು ಹುಟ್ಟಿ ಬೆಳೆಯುತ್ತಾರೆ.

ವರದಿಯಲ್ಲಿ ಬಿಡಿಯಾದ ಒಂದು 21 ಹೆಚ್ಚಿದ್ದು ಒಟ್ಟು 47 ಇದೆಯೆಂದರೆ ಸಾಮಾನ್ಯವಾಗಿ ತಂದೆತಾಯಿಯ ವರ್ಣತಂತು ಪರೀಕ್ಷೆ ಬೇಕಾಗುವುದಿಲ್ಲ. ಒಟ್ಟು 46 ಇದ್ದು, ಹೆಚ್ಚಿನ 21 ಬೇರೊಂದಕ್ಕೆ ಅಂಟಿಕೊಂಡಿರುವ ಮಕ್ಕಳ ವಿಷಯದಲ್ಲಿ ಮಾತ್ರ ಇಬ್ಬರನ್ನೂ ಪರೀಕ್ಷಿಸಬೇಕಾಗುತ್ತದೆ. ಈಗ ಮಗುವಿಗೆ ಆಗಬೇಕಾದದ್ದು ಹೃದಯದ ಎಕೋ ಪರೀಕ್ಷೆ, ಏಕೆಂದರೆ ಇಂಥ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯದ ತೊಂದರೆ ಇರುತ್ತದೆ. ಜೊತೆಗೆ ಥೈರಾಯ್ಡ್ ಮತ್ತು ಕಿವಿಯ ಪರೀಕ್ಷೆಗಳು. ಮಾತು ಮತ್ತು ಶ್ರವಣದ ತರಬೇತಿಗೆ ನೀವು ದೂರ ಹೋಗಬೇಕಿಲ್ಲ: ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮಗು ಮಾತಾಡಲಿ ಎಂದು ಕಾಯದೆ, ಮೊದಲ ವರ್ಷದಲ್ಲೇ ಕರೆದುಕೊಂಡು ಹೋಗಿ.