ಸಫ್ರಾನ್‌ಬೊಲುವಿನಲ್ಲಿ ಮನೆ ಎಲ್ಲಿ ಮಾಡಬೇಕು?

ನಮಸ್ಕಾರ. ಈ ಸೆಪ್ಟೆಂಬರಿಗೆ ತುರ್ಕಿಯ ಕರಾಬುಕ್ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ.ಗೆ ಸೇರುತ್ತಿದ್ದೀರಿ. ಗೆಳೆಯರೊಬ್ಬರ ಜೊತೆ ಪಕ್ಕದ ಸಫ್ರಾನ್‌ಬೊಲುವಿನ ಹಳೇ ಮರದ ಮನೆಯಲ್ಲಿ ಬಾಡಿಗೆಗಿರುವ ಆಸೆ ಇದೆ, ಅಪ್ಪ-ಅಮ್ಮನನ್ನೂ ಒಮ್ಮೆ ಕರೆಸಬೇಕು, ಊರು ಹೇಗಿದೆ ಎಂದು ಕೇಳಿದ್ದೀರಿ. ನನ್ನ ಉತ್ತರ ಇಷ್ಟು: ಮನೆಯ ಫೋಟೋ ನೋಡಿ ಒಪ್ಪಿಕೊಳ್ಳಬೇಡಿ, ಮೊದಲು ನೆಲ ನೋಡಿ. ಚಳಿ, ಹೊಗೆ, ಬಿಸಿಲು, ಬಸ್ಸು ಎಲ್ಲವೂ ಇಲ್ಲಿ ನೀವು ಕಣಿವೆಯೊಳಗಿದ್ದೀರೋ, ಮೇಲಿನ ದಿಣ್ಣೆಯಲ್ಲಿದ್ದೀರೋ, ತೋಟದ ಇಳಿಜಾರಿನಲ್ಲಿದ್ದೀರೋ ಎಂಬುದನ್ನು ನೋಡಿಕೊಂಡಿವೆ. ಊರಿನ ಇತಿಹಾಸವೂ ಹಾಗೆಯೇ ನಡೆದಿದೆ.

ಊರು ರಾಜಧಾನಿ ಅಂಕಾರಾದಿಂದ ಉತ್ತರಕ್ಕೆ ಸುಮಾರು 220 ಕಿ.ಮೀ., ಬಸ್ಸಿನಲ್ಲಿ ಮೂರು ಗಂಟೆಯ ದಾರಿ. ಕಪ್ಪು ಸಮುದ್ರ ಹತ್ತಿರವೇ ಇದ್ದರೂ ನಡುವೆ ಬೆಟ್ಟಸಾಲು ಅಡ್ಡ ಬರುವುದರಿಂದ ಕರಾವಳಿಯ ಮಳೆ ಇಲ್ಲಿಗೆ ಪೂರಾ ಬರುವುದಿಲ್ಲ, ಅಂಕಾರಾದ ಒಣಹವೆಯೂ ಪೂರಾ ಇಲ್ಲ. ಚಳಿಗಾಲದಲ್ಲಿ ಹಿಮ ಬೀಳುತ್ತದೆ, ಬೇಸಿಗೆ ಒಣ ಬಿಸಿಲು.

ಊರಿಗೆ ಮೂರು ಭಾಗ. ತಗ್ಗಿನಲ್ಲಿ, ತೊರೆಗಳು ಕೊರೆದ ಕಣಿವೆಯಲ್ಲಿರುವುದು ಚಾರ್ಶಿ, ಅಂದರೆ ಹಳೇ ಪೇಟೆ. ಪ್ರವಾಸಿಗಳು ಫೋಟೋ ತೆಗೆಯುವುದು ಇದನ್ನೇ. ಅದರ ಮೇಲಿನ ದಿಣ್ಣೆಯಲ್ಲಿ ಕಿರಾನ್‌ಕೊಯ್; ಇಂದಿನ ಬ್ಯಾಂಕು, ಬಸ್ ಕಚೇರಿ, ಅಪಾರ್ಟ್‌ಮೆಂಟುಗಳೆಲ್ಲ ಈ ಕಡೆ. ವಾಯವ್ಯದ ಇಳಿಜಾರಿನಲ್ಲಿ ಬಾಲಾರ್, ದ್ರಾಕ್ಷಿತೋಟಗಳ ಬಡಾವಣೆ. ಅನುಕೂಲಸ್ಥ ಮನೆತನಗಳಿಗೆ ಹಿಂದೆ ಎರಡೆರಡು ಮನೆ ಇರುತ್ತಿದ್ದವು. ಚಳಿಗಾಲಕ್ಕೆ ಗಾಳಿ ತಾಗದ ಚಾರ್ಶಿಯ ಮನೆ, ಬೇಸಿಗೆಗೆ ಗಾಳಿಯಾಡುವ ಬಾಲಾರಿನ ಮನೆ. ಈ ಲೆಕ್ಕಾಚಾರ ಇವತ್ತಿಗೂ ಸುಳ್ಳಾಗಿಲ್ಲ.

ತುರ್ಕರ ಕೈಗೆ ಊರು ಬಂದದ್ದು 12ನೇ ಶತಮಾನದ ಕೊನೆಗೆ. ಹಳೇ ಮಸೀದಿ, ಹಳೇ ಸ್ನಾನಗೃಹ, ಸುಲೇಮಾನ್ ಪಾಶಾ ಮದ್ರಸಾ 1322ರವು. ಪೂರ್ವ-ಪಶ್ಚಿಮ ವ್ಯಾಪಾರದ ದಾರಿಯಲ್ಲಿ ಒಂಟೆ-ಕುದುರೆಗಳ ತಂಡಗಳು ತಂಗುತ್ತಿದ್ದ ಊರು ಇದು, 17ನೇ ಶತಮಾನದಲ್ಲಿ ಉಚ್ಛ್ರಾಯಕ್ಕೆ ಬಂತು. ಪೇಟೆ ನಡುವಿನ ದೊಡ್ಡ ಕಲ್ಲಿನ ಛತ್ರ ಜಿಂಜಿ ಹಾನ್, 1645ರ ಸುಮಾರಿನದು. ಕಟ್ಟಿಸಿದವನು ಒಟ್ಟೊಮನ್ ಸುಲ್ತಾನ್ ಇಬ್ರಾಹಿಮನ ಆಪ್ತನಾಗಿ ಮೆರೆದ, ಇದೇ ಊರಿನ ಜಿಂಜಿ ಹೋಜಾ. ಸುಲ್ತಾನನನ್ನು ಇಳಿಸಿದ 1648ರಲ್ಲೇ ಅವನ ತಲೆಯೂ ಹೋಯಿತು. ಕೊಪ್ರುಲು ಮೆಹ್ಮೆತ್ ಪಾಶಾನ ಮಸೀದಿ 1661ರದ್ದು. ಇಜ್ಜೆತ್ ಮೆಹ್ಮೆತ್ ಪಾಶಾ ಎಂಬ ಪ್ರಧಾನ ವಜೀರನೂ ಇಲ್ಲಿಯವನೇ. ಅವನು 1796ರಲ್ಲಿ ಮಸೀದಿ ಕಟ್ಟಿಸಿ, ಮರುವರ್ಷ ಗುಡ್ಡದ ಮೇಲೆ ಗಡಿಯಾರದ ಗೋಪುರ ನಿಲ್ಲಿಸಿದ. ಚಪ್ಪಲಿ ಹೊಲಿಯುವವರ ಸಾಲು, ಕಮ್ಮಾರರ ಸಾಲು, ತಾಮ್ರದವರ ಸಾಲು ಹೀಗೆ ಕಸುಬಿಗೊಂದು ಬೀದಿ. ಚರ್ಮ ಹದ ಮಾಡುವವರನ್ನು ಮಾತ್ರ ನೀರು ಬೇಕು, ವಾಸನೆ ಊರಿಗೆ ತಾಗಬಾರದು ಎಂದು ತೊರೆಯ ಕೆಳದಂಡೆಗೆ ಕಳಿಸಿದ್ದರು.

ಕಿರಾನ್‌ಕೊಯ್‌ನಲ್ಲಿದ್ದವರು ಗ್ರೀಕ್ ಕ್ರೈಸ್ತರು. ಕೆಳಗೆ ಅಂಗಡಿ, ಮೇಲೆ ವಾಸ ಎಂಬ ಕಲ್ಲಿನ ಮನೆಗಳು ಅವರವು. ಚಾರ್ಶಿಯಲ್ಲಿ ಹಾಗಲ್ಲ, ಅಲ್ಲಿ ಅಂಗಡಿಬೀದಿ ಬೇರೆ, ಮನೆಬೀದಿ ಬೇರೆ. 1923ರಲ್ಲಿ ಗ್ರೀಸ್-ತುರ್ಕಿ ಜನವಿನಿಮಯದ ಒಪ್ಪಂದವಾದ ಮೇಲೆ ಅವರು ಊರು ಬಿಡಬೇಕಾಯಿತು. ಈಗಿನ ಉಲು ಮಸೀದಿ ಆಗ ಅವರ ಸಂತ ಸ್ತೆಫಾನೋಸ್ ಚರ್ಚ್ ಆಗಿತ್ತು. ಆ ಬೀದಿಗಳಲ್ಲಿ ನಡೆಯುವಾಗ ಇದು ಗೊತ್ತಿರಬೇಕು.

ಇನ್ನು ಕರಾಬುಕ್. ಅದು ಅರಾಚ್ ಮತ್ತು ಸೊವಾನ್ಲಿ ಹೊಳೆಗಳು ಕೂಡುವ ತಗ್ಗಿನಲ್ಲಿದ್ದ ಪುಟ್ಟ ಹಳ್ಳಿ. ಜೊಂಗುಲ್ದಾಕ್‌ನ ಕಲ್ಲಿದ್ದಲಿಗೆ ಹೋಗುವ ರೈಲು ಸಫ್ರಾನ್‌ಬೊಲುವಿನ ದಿಣ್ಣೆ ಹತ್ತದೆ ಆ ಹೊಳೆಯ ಗುಂಟ ಸಾಗಿತು. ಕಲ್ಲಿದ್ದಲು ಹತ್ತಿರ, ರೈಲು ಬಾಗಿಲಲ್ಲೇ, ಸಮುದ್ರದಿಂದ ಬರುವ ಶತ್ರುವಿಗೆ ದೂರ. ಹೀಗಾಗಿ ದೇಶದ ಮೊದಲ ದೊಡ್ಡ ಉಕ್ಕಿನ ಕಾರ್ಖಾನೆಗೆ 1937ರ ಏಪ್ರಿಲ್ 3ರಂದು ಅಲ್ಲೇ ಅಡಿಗಲ್ಲು ಬಿತ್ತು. ಸಫ್ರಾನ್‌ಬೊಲುವಿನ ಚರ್ಮದ ಕಸುಬು ಸೊರಗಿತು, ಹುಡುಗರು ಕಾರ್ಖಾನೆಗೆ ಹೋದರು, ಹೊಸ ಕಟ್ಟಡಗಳೆಲ್ಲ ಕರಾಬುಕ್‌ನಲ್ಲೂ ಮೇಲಿನ ದಿಣ್ಣೆಯಲ್ಲೂ ಎದ್ದವು. ಚಾರ್ಶಿಯನ್ನು ಕೆಡವಿ ಕಟ್ಟುವ ಅಗತ್ಯ ಯಾರಿಗೂ ಬೀಳಲಿಲ್ಲ. 1976ರಲ್ಲಿ ಸರ್ಕಾರ ಸಂರಕ್ಷಿತ ಪ್ರದೇಶವೆಂದು ಸಾರಿತು, 1994ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ನನ್ನ ದೃಷ್ಟಿಯಲ್ಲಿ ಹಳೇ ಊರನ್ನು ಉಳಿಸಿದ್ದರಲ್ಲಿ ಕಾನೂನಿಗಿಂತ ದೊಡ್ಡ ಪಾಲು ಪಕ್ಕದೂರಿನ ಕುಲುಮೆಯದು.

ಈಗ ಆ ಮರದ ಮನೆ. ನೆಲಮಟ್ಟ ಕಲ್ಲುಗೋಡೆ. ಅದರ ಮೇಲೆ ಮರದ ಚೌಕಟ್ಟು, ಮೂಲೆಗಳಲ್ಲಿ ಓರೆ ತೊಲೆ, ನಡುವಿನ ಜಾಗಕ್ಕೆ ಹಸಿ ಇಟ್ಟಿಗೆ, ಮೇಲೆ ಹುಲ್ಲು ಕಲಸಿದ ಮಣ್ಣಿನ ಗಿಲಾವು, ಕೊನೆಗೆ ಸುಣ್ಣ. ಸೂರಿನ ಹೆಂಚು ನಮ್ಮ ನಾಡಹೆಂಚಿನಂತೆಯೇ ಅರೆಗೊಳವೆ. ಬೀದಿ ಹೇಗೆ ಸೊಟ್ಟಗೆ ಹೋದರೆ ಕೆಳಗಿನ ಗೋಡೆಯೂ ಹಾಗೆಯೇ ಸೊಟ್ಟ. ಮೇಲಂತಸ್ತನ್ನು ಬೀದಿಯ ಮೇಲಕ್ಕೆ ಚಾಚಿ ಕಟ್ಟಿರುವುದರಿಂದ ಅಲ್ಲಿನ ಕೋಣೆಗಳು ಮಾತ್ರ ಮೂಲೆಮಟ್ಟಕ್ಕೆ ನೆಟ್ಟಗೆ. ಕೆಳಗೆ ಕೊಟ್ಟಿಗೆ ಮತ್ತು ಉಗ್ರಾಣ. ನಡು ಅಂತಸ್ತಿನ ಚಾವಣಿ ತಗ್ಗು, ಬೇಗ ಬಿಸಿಯಾಗಲೆಂದು. ಚಳಿಗಾಲದ ವಾಸ ಅಲ್ಲಿ. ಮೇಲಂತಸ್ತು ಎತ್ತರ, ಕಿಟಕಿ ಹೆಚ್ಚು. ಗೋಡೆಯ ಬೀರುವಿನ ಬಾಗಿಲು ತೆರೆದರೆ ಒಳಗೆ ಒಬ್ಬರು ನಿಂತು ಮೀಯುವಷ್ಟು ಜಾಗ. ಕೆಲವು ಮನೆಗಳಲ್ಲಿ ಗಂಡಸರ ಕೋಣೆಗೂ ಹೆಂಗಸರ ಕೋಣೆಗೂ ನಡುವೆ ತಿರುಗುವ ಬೀರು ಇದೆ. ಈ ಕಡೆ ಊಟದ ತಟ್ಟೆ ಇಟ್ಟು ತಿರುಗಿಸಿದರೆ ಆ ಕಡೆ ಸಿಗುತ್ತದೆ, ಮುಖ ಕಾಣುವುದಿಲ್ಲ. ಈಗ ವಸ್ತುಸಂಗ್ರಹಾಲಯವಾಗಿರುವ ಕಯ್ಮಕಾಮ್‌ಲಾರ್ ಮನೆಗೆ ಹೋದರೆ ಇಂಥ ಮನೆಯೊಳಗಿನ ಬದುಕು ಹೇಗಿತ್ತೆಂದು ಕಣ್ಣಾರೆ ನೋಡಬಹುದು.

ಇಂಥ ಮನೆ ಹಾಳಾಗುವುದು ಸಾಮಾನ್ಯವಾಗಿ ಮೇಲಿನಿಂದ. ಒಂದು ಹೆಂಚು ಜಾರಿದರೆ ಹಿಮ ಕರಗಿದ ನೀರು ತೊಲೆಯ ಸಂದಿಗೆ ಇಳಿಯುತ್ತದೆ, ಹಸಿ ಇಟ್ಟಿಗೆ ನೆನೆಯುತ್ತದೆ, ಗಿಲಾವು ಉಬ್ಬುತ್ತದೆ. ಅದಕ್ಕೆ ಸಿಮೆಂಟು ಮೆತ್ತಿದ್ದರೆ ತೇವ ಹೊರಬರಲು ದಾರಿಯಿಲ್ಲದೆ ಒಳಗಿನ ಮರ ಕೊಳೆಯುತ್ತದೆ. ನೋಡಲು ಹೋದಾಗ ಸೂರಿನ ಕೆಳಗಿನ ಮೂಲೆಗಳನ್ನೂ, ಕಲ್ಲುಗೋಡೆಯ ಮೇಲೆ ಕೂತ ಅಡಿತೊಲೆಯನ್ನೂ ಬೆರಳಿನಿಂದ ಒತ್ತಿ ನೋಡಿ. ಮೆತ್ತಗಿದ್ದರೆ ಬೇಡ. ಸಂರಕ್ಷಿತ ಕಟ್ಟಡವಾದ್ದರಿಂದ ಮಾಲೀಕರು ಮನಸ್ಸು ಮಾಡಿದರೂ ದೊಡ್ಡ ದುರಸ್ತಿಗೆ ಅನುಮತಿ ಬೇಕು, ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ.

ಎರಡನೆಯದು ಒಲೆ. ಗ್ಯಾಸ್ ಸಂಪರ್ಕವಿಲ್ಲದ ಮನೆಯಲ್ಲಿ ‘ಸೊಬಾ’ ಎನ್ನುವ ಕಲ್ಲಿದ್ದಲಿನ ಒಲೆಯೇ ಗತಿ. ದಕ್ಷಿಣದ ‘ಲೊದೋಸ್’ ಗಾಳಿ ಬೀಸುವ ರಾತ್ರಿ ಹೊಗೆ ಕೊಳವೆಯಲ್ಲಿ ಮೇಲೇರದೆ ಕೋಣೆಗೇ ಮರಳುತ್ತದೆ. ಅದರಲ್ಲಿನ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ತುರ್ಕಿಯಲ್ಲಿ ಪ್ರತಿ ಚಳಿಗಾಲವೂ ಹೀಗೆ ಸಾಯುವವರಿದ್ದಾರೆ. ಚಳಿಗೆ ಮೊದಲು ಹೊಗೆಕೊಳವೆ ಶುಚಿ ಮಾಡಿಸಿ, ಬೆಂಕಿಯನ್ನು ಮೇಲಿನಿಂದ ಹೊತ್ತಿಸಿ, ಮಲಗುವ ಮುಂಚೆ ಹೊಸ ಇದ್ದಲು ತುಂಬಬೇಡಿ, ಕಾರ್ಬನ್ ಮೊನಾಕ್ಸೈಡ್ ಪತ್ತೆಯ ಅಲಾರಂ ಒಂದನ್ನು ಖಂಡಿತ ಇಡಿ. ಹೊಸಬರಿಬ್ಬರಿಗೆ ಮೊದಲ ಚಳಿಗಾಲಕ್ಕೆ ಈ ಮನೆ ಬೇಡವೆಂದೇ ನನ್ನ ಸಲಹೆ.

ಕಿರಾನ್‌ಕೊಯ್ ಸುತ್ತಲಿನ ದಿಣ್ಣೆಯಲ್ಲಿ ‘2+1’ ಹುಡುಕಿ, ಅಂದರೆ ಎರಡು ಕೋಣೆ, ಒಂದು ಹಜಾರ. ವಿಶ್ವವಿದ್ಯಾಲಯಕ್ಕೂ ಚಾರ್ಶಿಗೂ ಮಿನಿಬಸ್ಸು ಸಿಗುತ್ತದೆ. ಕರಾಬುಕ್ ತಗ್ಗಿನಲ್ಲಿರುವುದರಿಂದ ಬೇಸಿಗೆಯ ಸೆಕೆಯೂ, ಗಾಳಿಯಾಡದ ಚಳಿಗಾಲದ ದಿನಗಳಲ್ಲಿ ಹೊಗೆಯೂ ಅಲ್ಲೇ ನಿಲ್ಲುತ್ತವೆ. ಉಬ್ಬಸ ಇದ್ದವರಿಗೆ ದಿಣ್ಣೆಯೇ ಸರಿ. ‘ಕೊಂಬಿ’ ಎಂಬ ಗ್ಯಾಸ್ ಬಾಯ್ಲರಿನ ಒತ್ತಡದ ಮುಳ್ಳು ಸಾಮಾನ್ಯವಾಗಿ 1ರಿಂದ 2 ಬಾರ್ ನಡುವೆ ಇರಬೇಕು, ಇಳಿಯುತ್ತಲೇ ಇದ್ದರೆ ಎಲ್ಲೋ ನೀರು ಸೋರುತ್ತಿದೆ ಎಂದರ್ಥ. ಉತ್ತರ ಅನಟೋಲಿಯದ ಭೂಕಂಪ ಬಿರುಕು ಜಿಲ್ಲೆಯ ದಕ್ಷಿಣಕ್ಕೇ ಹಾಯುತ್ತದೆ, 1944ರ ಗೆರೆದೆ ಭೂಕಂಪ ಅದರದ್ದೇ. ಕಟ್ಟಡ ಯಾವ ವರ್ಷದ್ದು, ವಾಸದ ಪರವಾನಗಿ ‘ಇಸ್ಕಾನ್’ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಕಡ್ಡಾಯ ಭೂಕಂಪ ವಿಮೆ ‘ದಾಸ್ಕ್’ ಇಲ್ಲದಿದ್ದರೆ ಕರೆಂಟು, ನೀರಿನ ಸಂಪರ್ಕ ನಿಮ್ಮ ಹೆಸರಿಗೆ ಆಗುವುದಿಲ್ಲ.

ಕರಾರಿನಲ್ಲಿ ಎರಡು ಎಚ್ಚರ. ಮುಂಗಡ ಕಾನೂನಿನ ಪ್ರಕಾರ ಮೂರು ತಿಂಗಳ ಬಾಡಿಗೆಗಿಂತ ಹೆಚ್ಚಿರುವಂತಿಲ್ಲ. ‘ತಹ್ಲಿಯೆ ತಾಹ್ಹುತ್‌ನಾಮೆಸಿ’ ಎಂಬ ಕಾಗದ ಮುಂದಿಟ್ಟು ದಿನಾಂಕ ಖಾಲಿ ಬಿಟ್ಟು ಸಹಿ ಕೇಳಿದರೆ ಕೊಡಬೇಡಿ. ಇಂಥ ದಿನ ಮನೆ ಖಾಲಿ ಮಾಡುತ್ತೇನೆಂದು ನೀವೇ ಬರೆದುಕೊಟ್ಟ ಮಾತು ಅದು. ದಿನಾಂಕವನ್ನು ಆಮೇಲೆ ಅವರು ತುಂಬಿಕೊಳ್ಳುತ್ತಾರೆ. ಬಾಡಿಗೆಯನ್ನು ಬ್ಯಾಂಕಿನ ಮೂಲಕವೇ ಕಟ್ಟಿ, ಯಾವ ತಿಂಗಳದ್ದೆಂದು ಟಿಪ್ಪಣಿ ಬರೆಯಿರಿ. ಬಾಡಿಗೆಯ ಜೊತೆ ‘ಐದಾತ್’ ಎಂಬ ಕಟ್ಟಡ ನಿರ್ವಹಣೆ ಶುಲ್ಕ ಬೇರೆ.

ಕಾಗದಪತ್ರಕ್ಕೆ: ಅಂಕಪಟ್ಟಿ, ಪದವಿ ಪತ್ರಗಳಿಗೆ ಭಾರತದಲ್ಲೇ ಅಪೊಸ್ಟಿಲ್, ಅಂದರೆ ಹೊರದೇಶದಲ್ಲಿ ಪತ್ರ ನಡೆಯಲೆಂದು ಹಾಕುವ ಸರ್ಕಾರಿ ಮುದ್ರೆ, ಹಾಕಿಸಿ ತನ್ನಿ. ತುರ್ಕಿ ಭಾಷಾಂತರವನ್ನು ಇಲ್ಲಿನ ನೋಟರಿಯ ಮುದ್ರೆಯೊಂದಿಗೆ ಮಾಡಿಸಬಹುದು. ಬಂದ ಕೂಡಲೇ ಪಾಸ್‌ಪೋರ್ಟ್ ತೋರಿಸಿ ತೆರಿಗೆ ಸಂಖ್ಯೆ ತೆಗೆದುಕೊಳ್ಳಿ, ಅದಿಲ್ಲದೆ ಬ್ಯಾಂಕ್ ಖಾತೆ ಆಗದು. ವೀಸಾ ಮುಗಿಯುವ ಮುನ್ನ ವಿದ್ಯಾರ್ಥಿ ವಾಸದ ಅನುಮತಿಗೆ ಅರ್ಜಿ ಹಾಕಿ. ಸರ್ಕಾರಿ ಆರೋಗ್ಯ ವಿಮೆ ಬೇಕಿದ್ದರೆ ವಿಶ್ವವಿದ್ಯಾಲಯದ ಮೊದಲ ನೋಂದಣಿಯಿಂದ ಮೂರು ತಿಂಗಳೊಳಗೆ ಕೇಳಬೇಕು, ತಪ್ಪಿದರೆ ಆ ದಾರಿ ಮುಚ್ಚುತ್ತದೆ. ಊರಿಂದ ತಂದ ಫೋನು ನೋಂದಾಯಿಸದಿದ್ದರೆ ಇಲ್ಲಿನ ಸಿಮ್ ಹಾಕಿದ 120 ದಿನಕ್ಕೆ ನಿಂತುಹೋಗುತ್ತದೆ. ನೋಂದಣಿ ಶುಲ್ಕ ಬಲು ದುಬಾರಿ, ಬೆಲೆಬಾಳುವ ಫೋನು ಕೊಂಡು ಬರುವ ಮುನ್ನ ಯೋಚಿಸಿ.

ಊಟಕ್ಕೆ ಹೆಚ್ಚು ಚಿಂತೆ ಬೇಡ. ರವೆ ‘ಇರ್ಮಿಕ್’, ಕಡಲೆಕಾಳು ‘ನೊಹುತ್’, ಅರಿಶಿನ, ಜೀರಿಗೆ, ಸಾಸಿವೆ ಸಿಗುತ್ತವೆ, ಮೊಸರು ಬಹಳ ಚೆನ್ನಾಗಿದೆ. ತೊಗರಿಬೇಳೆ, ಉದ್ದಿನಬೇಳೆ, ಕರಿಬೇವು ಊರಿಂದ ತನ್ನಿ. ಬೇಳೆ ಸೂಪಿಗೆ ಮಾಂಸದ ರಸ ಹಾಕುವುದುಂಟು, ಸಸ್ಯಾಹಾರಿಗಳಾದರೆ ಕೇಳಿಯೇ ತಿನ್ನಿ.

ಊರಿಗೆ ಹೆಸರು ಕೊಟ್ಟ ಕೇಸರಿಯ ಬೆಳೆ ಒಮ್ಮೆ ಹೆಚ್ಚುಕಡಿಮೆ ಅಳಿದೇಹೋಗಿತ್ತು, ಈಗ ದಾವುತೊಬಾಸಿಯಂಥ ಹಳ್ಳಿಗಳಲ್ಲಿ ಮತ್ತೆ ಬೆಳೆಯುತ್ತಾರೆ. ಗಡ್ಡೆ ನೆಡುವುದು ಆಗಸ್ಟ್-ಸೆಪ್ಟೆಂಬರ್, ಹೂ ಬಿಡುವುದು ಅಕ್ಟೋಬರ್ ಕೊನೆಯಿಂದ ನವೆಂಬರಿಗೆ. ಬೆಳಿಗ್ಗೆ ಮುಂಚೆ ಹೂ ಕಿತ್ತು, ಒಂದೊಂದರಿಂದ ಮೂರೇ ಎಳೆ ಬಿಡಿಸುತ್ತಾರೆ. ಒಂದು ಗ್ರಾಂಗೆ ಸುಮಾರು 150 ಹೂ ಬೇಕು. ಅಗ್ಗಕ್ಕೆ ಪೊಟ್ಟಣ ಮಾರಿದರೆ ಅದು ‘ಅಸ್ಪಿರ್’, ಅಂದರೆ ಕುಸುಬೆ ಹೂ. ನಿಜವಾದ ಎಳೆಯನ್ನು ನೀರಿಗೆ ಹಾಕಿದರೆ ನಿಧಾನಕ್ಕೆ ಹಳದಿ ಬಿಡುತ್ತದೆ, ಎಳೆ ಕೆಂಪಾಗಿಯೇ ಉಳಿಯುತ್ತದೆ, ತುದಿ ಕಹಳೆಯಂತೆ ಅಗಲ.

ಅಪ್ಪ-ಅಮ್ಮನನ್ನು ಆ ಹೂವಿನ ಹೊತ್ತಿಗೇ ಕರೆಸಿ, ಸಾಮಾನ್ಯವಾಗಿ ಆಗಿನ್ನೂ ಹಿಮ ಬಿದ್ದಿರುವುದಿಲ್ಲ. ಅಂಕಾರಾಕ್ಕೆ ಬಂದಿಳಿದು ಬಸ್ಸು ಹತ್ತುವುದೇ ಸುಲಭ. ಚಾರ್ಶಿಯ ಬೀದಿಗಳು ಉರುಟು ಕಲ್ಲುಹಾಸಿನವು, ಮಳೆನೀರು ಹರಿಯಲೆಂದು ನಡುವೆ ತಗ್ಗಾಗಿವೆ, ಒದ್ದೆಯಾದರೆ ಜಾರುತ್ತವೆ. ಹಿಡಿತವಿರುವ ಬೂಟು ಬೇಕು. ಕಿರಾನ್‌ಕೊಯ್‌ನಿಂದ ಮಿನಿಬಸ್ಸಿನಲ್ಲಿ ಪೇಟೆಗೆ ಇಳಿಸಿ, ಜಿಂಜಿ ಹಾನ್ ಸುತ್ತಮುತ್ತ ನೋಡಿಸಿ, ವಾಪಸ್ಸೂ ಬಸ್ಸಿನಲ್ಲೇ ಹತ್ತಿಸಿ. ಇಡೀ ಕಣಿವೆ ಕಾಣುವ ಹಿದಿರ್ಲಿಕ್ ಗುಡ್ಡದ ಏರು ಮಂಡಿನೋವಿದ್ದವರಿಗೆ ಕಷ್ಟ, ಅಲ್ಲಿಗೆ ಟ್ಯಾಕ್ಸಿ ಮಾಡಿ.